2,400 ಹೋಗಿ 190 ಉಳಿದದ್ದು: ನನ್ನ ಕಸೂತಿ ತಾಣದ ಲೆಕ್ಕ ಹಿಡಿದ ಐದು ತಿಂಗಳು

ಅರ್ಜಿಯಲ್ಲಿ ಹದಿನಾಲ್ಕು ಕಲಮುಗಳಿದ್ದವು. ಹದಿಮೂರನ್ನು ಒಂದೇ ಮಧ್ಯಾಹ್ನ ಕುಳಿತು ತುಂಬಿದೆ. ಉಳಿದ ಒಂದಕ್ಕೆ ಐದು ತಿಂಗಳು ಹಿಡಿಯಿತು.

ಕೌದಿ, ಕಸೂತಿ, ಕೈಮಗ್ಗದ ಕೆಲಸ ಮಾಡುವವರಿಗೆ ಸಣ್ಣ ಸಹಾಯಧನ ಕೊಡುವ ಹುಬ್ಬಳ್ಳಿಯ ಸಂಸ್ಥೆಯೊಂದರ ಅರ್ಜಿ ಅದು. 2025ರ ಜೂನ್ ಮೊದಲ ವಾರ ಕೈಗೆ ಬಂತು. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಮೂರು ದಿನವಾಗಿತ್ತು, ಹೊರಗೆ ಹೋಗುವ ಹಾಗಿರಲಿಲ್ಲ, ಅರ್ಜಿ ತುಂಬಲಿಕ್ಕೆ ಒಳ್ಳೆಯ ದಿನ. ಆ ಕೊನೆಯ ಕಲಮಿನಲ್ಲಿ ಕೇಳಿದ್ದು ಇಷ್ಟೇ: ನಿಮ್ಮ ಜಾಲತಾಣಕ್ಕೆ ತಿಂಗಳಿಗೆ ಎಷ್ಟು ಜನ ಬರುತ್ತಾರೆ?

ನನ್ನದೊಂದು ತಾಣ ಇದೆ. ಆರು ವರ್ಷದಿಂದ ನಡೆಸುತ್ತಿದ್ದೇನೆ. ಗಾವಂತಿ, ಮುರಗಿ, ನೇಗಿ, ಮೆಂತಿ, ಈ ನಾಲ್ಕು ಹೊಲಿಗೆಗಳಲ್ಲಿ ನಮ್ಮತ್ತಿಯಿಂದ ಕಲಿತ ಚಿತ್ತಾರಗಳನ್ನು ಒಂದೊಂದಾಗಿ ಗ್ರಾಫ್ ಹಾಳೆಯ ಮೇಲೆ ಇಳಿಸಿ, ಫೋಟೋ ತೆಗೆದು, ಪಿಡಿಎಫ್ ಮಾಡಿ ಹಾಕುತ್ತೇನೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ದುಡ್ಡಿಲ್ಲ. ಗೋಪುರ, ತುಳಸಿ ಕಟ್ಟೆ, ಆನೆ ಅಂಬಾರಿ, ತೇರು ಎಲ್ಲ ಸೇರಿ 63 ಪುಟ ಆಗಿವೆ. ತಾಣದ ಅಡಿಯಲ್ಲಿ ಒಂದು ಎಣಿಕೆಯ ಪಟ್ಟಿ ಓಡುತ್ತಿತ್ತು, ಹಳೆಯ ಲೈಟ್ ಮೀಟರಿನ ಹಾಗೆ. ಆ ದಿನ ಅದು 48,216 ತೋರಿಸುತ್ತಿತ್ತು. ಪ್ರತಿ ತಿಂಗಳ ಒಂದನೇ ತಾರೀಖಿಗೆ ಅಂಕಿಯನ್ನು ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಕಳೆದು ನೋಡಿದರೆ ತಿಂಗಳಿಗೆ ಸುಮಾರು 2,400. ಬರೆದೆ. ಬರೆದು ಸ್ವಲ್ಪ ಬೀಗಿದೆ ಕೂಡ.

ಎಂಟು ದಿನಕ್ಕೆ ಸಂಸ್ಥೆಯಿಂದ ಫೋನು ಬಂತು. "ಮೇಡಮ್, ಅದಕ್ಕ ದಾಖಲೆ ಬೇಕಾಗತೈತ್ರೀ. ಅನಲಿಟಿಕ್ಸ್ ರಿಪೋರ್ಟ್ ಹಚ್ಚಿ ಕಳಸ್ರಿ. ಆರು ತಿಂಗಳದು ಇದ್ರ ಛಲೋ. ನವೆಂಬರ್ ತನಕಾ ವ್ಯಾಳ್ಯಾ ಐತಿ."

ಅನಲಿಟಿಕ್ಸ್ ಎಂದರೇನೆಂದು ಕೇಳಲು ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ತಾಣ ಕಟ್ಟಿಕೊಟ್ಟವನು ಅವನೇ. ಮೀಟರಿನ ಸುದ್ದಿ ಹೇಳಿದ್ದೇ ತಡ ನಕ್ಕ.

"ಚಿಗವ್ವಾ, ಅದನ್ನ ಮದಲ ತಗದ ಒಗಿ. ನೀನ ದಿನಾ ಇಪ್ಪತ್ತ ಸಲ ತಗದ ನೋಡತಿ, ಅದೂ ಎಣಸತೈತಿ. ಮಷೀನ್ ಬಂದು ನೋಡಿದ್ರೂ ಎಣಸತೈತಿ. ಅದು ಮಂದೀನ ಎಣಸೂದಿಲ್ಲ, ಬಾಗಲ ತಗದದ್ದನ್ನ ಎಣಸತೈತಿ."

ಹುಡುಕು ಯಂತ್ರಗಳು ಕಳಿಸುವ ಬಾಟ್‌ಗಳು, ಅಂದರೆ ತಾವೇ ಓಡಾಡುವ ಪ್ರೋಗ್ರಾಮುಗಳು, ಹಗಲೂ ರಾತ್ರಿ ತಾಣಗಳನ್ನು ಸುತ್ತುತ್ತಲೇ ಇರುತ್ತವೆ ಎಂದು ನನಗೆ ಗೊತ್ತಾದದ್ದು ಆವತ್ತು. ಬೇಜಾರಾಯಿತು, ಸುಳ್ಳು ಹೇಳಲಾರೆ. ತಾಣಕ್ಕೆ ಬಂದವರನ್ನು ಎಣಿಸಿ ವರದಿ ಕೊಡುವ ಗೂಗಲ್ ಅನಲಿಟಿಕ್ಸ್ ಪುಕ್ಕಟೆ, ಗೊತ್ತಿರುವ ಬಾಟ್‌ಗಳನ್ನು ತಾನೇ ಜರಡಿ ಹಿಡಿಯುತ್ತದೆ, ಆದರೆ ಹಾಕಿದ ದಿನದಿಂದ ಮುಂದಿನದನ್ನಷ್ಟೇ ಎಣಿಸುತ್ತದೆ ಎಂದ ಅಕ್ಕನ ಮಗ. ಹಿಂದಿನ ಆರು ವರ್ಷದ್ದು ಹೋದಂತೆಯೇ ಲೆಕ್ಕ. ಇದನ್ನು ಓದುತ್ತಿರುವ ನಿಮಗೂ ಒಂದು ತಾಣ ಇದ್ದರೆ, ಅಂಕಿಯ ಅಗತ್ಯ ಈಗ ಇಲ್ಲದಿದ್ದರೂ ಇವತ್ತೇ ಹಾಕಿಡಿ. ಯಾರೋ ದಾಖಲೆ ಕೇಳಿದ ದಿನ ಶುರು ಮಾಡಿದರೆ ನನ್ನ ಹಾಗೆ ಕ್ಯಾಲೆಂಡರ್ ನೋಡುತ್ತ ಕೂರಬೇಕಾಗುತ್ತದೆ.

ಹಾಕುವ ಕೆಲಸ ಒಂದು ತಾಸಿನದು. ಜಿಮೇಲ್ ಖಾತೆಯಿಂದ ಒಳಹೋಗಿ ಅಕೌಂಟ್ ಎಂದು ಒಂದು, ಅದರೊಳಗೆ ಪ್ರಾಪರ್ಟಿ ಎಂದು ಇನ್ನೊಂದು, ಅದರೊಳಗೆ ಡೇಟಾ ಸ್ಟ್ರೀಮ್ ಎಂದು ಮತ್ತೊಂದು ಮಾಡಬೇಕು. ಕೊನೆಗೆ 'ಜಿ' ಅಕ್ಷರದಿಂದ ಶುರುವಾಗುವ ಒಂದು ಗುರುತು ಸಂಖ್ಯೆ ಸಿಗುತ್ತದೆ. ಅದನ್ನು ತಾಣದ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟ ಜಾಗಕ್ಕೆ ಅಂಟಿಸಿದರೆ ಮುಗಿಯಿತು. ಯೂಟ್ಯೂಬಿನಲ್ಲಿ ಇದನ್ನು ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ, ಆದರೆ ಹಳೆಯವನ್ನು ನೋಡಬೇಡಿ. 'ಯುಎ' ಎಂದು ಶುರುವಾಗುವ ಸಂಖ್ಯೆ ತೋರಿಸಿದರೆ ಅದು ಹಳೆಯ ಆವೃತ್ತಿ. 2023ರ ಜುಲೈ 1ರಿಂದ ಅದು ಎಣಿಸುವುದನ್ನೇ ನಿಲ್ಲಿಸಿದೆ. ನಾನು ಅಂಥ ಒಂದು ವಿಡಿಯೋ ನೋಡುತ್ತ, ಅದರಲ್ಲಿರುವ ಬಟನ್ ನನ್ನ ಪರದೆಯ ಮೇಲೆ ಯಾಕಿಲ್ಲ ಎಂದು ಅರ್ಧ ದಿನ ಹುಡುಕಿದೆ.

ಅಂಟಿಸಿದ ತಕ್ಷಣ 'ರಿಯಲ್‌ಟೈಮ್' ಎಂಬಲ್ಲಿ ಒಂದು ನೀಲಿ ಚುಕ್ಕೆ ಮೂಡಿತು. ಕಳೆದ ಮೂವತ್ತು ನಿಮಿಷದಲ್ಲಿ ಒಬ್ಬರು. ಅದು ನಾನೇ. ಉಳಿದ ವರದಿಗಳೆಲ್ಲ ಖಾಲಿ. ಮರುದಿನ ಮುಂಜಾನೆಯೂ ಖಾಲಿ ಇದ್ದವು. ಏನೋ ಕೆಡಿಸಿದೆ ಎಂದು ಎಲ್ಲ ಅಳಿಸಿ ಮತ್ತೆ ಮಾಡಿದೆ. ಅದರಿಂದ ಎರಡು ದಿನ ಹಾಳು. ವರದಿ ತುಂಬಿಕೊಳ್ಳಲು 24ರಿಂದ 48 ತಾಸು ಬೇಕು, ಅಷ್ಟೇ. ಚಹಾ ಕುಡಿದು ಸುಮ್ಮನಿರಬೇಕು.

ಮೊದಲ ವಾರದ ಕೊನೆಗೆ ಪುಟ ವೀಕ್ಷಣೆ 312. ಎಂಗೇಜ್‌ಮೆಂಟ್ ದರ ನೂರಕ್ಕೆ ನೂರು. ಬಂದವರಲ್ಲಿ ಒಬ್ಬರೂ ಹಾಗೇ ವಾಪಸ್ ಹೋಗಿಲ್ಲ! ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡೆ. ಅರ್ಜಿಗೆ ಹಚ್ಚಬೇಕೆಂದು ಆ ಪುಟವನ್ನು ಪ್ರಿಂಟ್ ತೆಗೆಸಿದೆ.

ರಾತ್ರಿ ಊಟವಾದ ಮೇಲೆ ಆ ಹಾಳೆಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ. ಗೋಪುರದ ಪುಟ 46. ತುಳಸಿ ಕಟ್ಟೆ 38. ತೇರು 22. ಮೆಂತಿ ಹೊಲಿಗೆ 14. ನವಿಲು 8. ಕಸೂತಿ ಹಾಕುವವರ ಕಣ್ಣು ಒಂದು ಬಗೆಯದು. ನಾವು ಬಟ್ಟೆಯ ಮೇಲೆ ಗೆರೆ ಎಳೆದುಕೊಂಡು ಹೊಲಿಯುವವರಲ್ಲ, ಎಳೆ ಎಣಿಸಿ ಸೂಜಿ ಚುಚ್ಚುವವರು. ಒಂದು ಎಳೆ ತಪ್ಪಿದರೆ ನಾಲ್ಕು ಬೆರಳು ಆಚೆ ಗೋಪುರದ ಕಳಸ ಕೂಡುವುದಿಲ್ಲ. ಹಾಗಾಗಿ ಕಣ್ಣು ತಾನಾಗಿಯೇ ಎಣಿಸುತ್ತದೆ. ಹಾಳೆಯ ಮೇಲಿದ್ದ ಸಂಖ್ಯೆಗಳೆಲ್ಲ ಸರಿಸಂಖ್ಯೆಗಳು. ಮೇಲಿಂದ ಕೆಳಗಿನ ತನಕ ನೋಡಿದೆ, ಬೆಸ ಎಂಬುದು ಒಂದೂ ಇಲ್ಲ. ಹಾಳೆಯಲ್ಲಿದ್ದ ಮೂವತ್ತೊಂದು ಪುಟಗಳಿಗೂ ಸರಿಸಂಖ್ಯೆಯೇ ಬೀಳುವುದು ಹೇಗೆ?

ಅಕ್ಕನ ಮಗ ಅಲ್ಲಿಂದಲೇ ತಾಣದ ಒಳಗೆ ಹೋಗಿ ನೋಡಿದ. ನಾನು ಸೆಟ್ಟಿಂಗ್ಸ್‌ನಲ್ಲೂ ಸಂಖ್ಯೆ ಕೊಟ್ಟಿದ್ದೆ, ವಿಡಿಯೋ ನೋಡಿ ಥೀಮಿನ ಕೋಡಿನೊಳಗೂ ಅಂಟಿಸಿದ್ದೆ. ಒಂದೇ ಪುಟ ತೆರೆದರೆ ಎರಡು ಸಲ ಎಣಿಕೆ. ನೂರಕ್ಕೆ ನೂರರ ಗುಟ್ಟೂ ಅದೇ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಇಲ್ಲವೇ ಎರಡು ಪುಟ ನೋಡಿದರೆ, ಇಲ್ಲವೇ ನಾವು ಮುಖ್ಯವೆಂದು ಗುರುತಿಸಿದ ಕೆಲಸವೊಂದನ್ನು ಮಾಡಿದರೆ ಆ ಭೇಟಿಯನ್ನು 'ಎಂಗೇಜ್ಡ್' ಎಂದು ಬರೆದುಕೊಳ್ಳುತ್ತದೆ. ಬಂದವರದೆಲ್ಲ ಎರಡೆರಡು ಎಂದು ಬಿದ್ದ ಮೇಲೆ ಎಲ್ಲರೂ ಪಾಸು. ನಿಮ್ಮ ಎಂಗೇಜ್‌ಮೆಂಟ್ ನೂರರ ಹತ್ತಿರ ಇದ್ದರೆ ಖುಷಿಪಡುವ ಮೊದಲು ಕೋಡ್ ಎರಡು ಕಡೆ ಕೂತಿದೆಯೇ ನೋಡಿ. ಒಂದನ್ನು ತೆಗೆದೆ. ಆ ವಾರದ 312 ನಿಜದಲ್ಲಿ 156 ಅಷ್ಟೇ.

ಅದರಲ್ಲೂ ನಾನೆಷ್ಟು? ಇನ್ನೊಂದು ಕಗ್ಗಂಟು ಅದು. ನಮ್ಮ ಮನೆಯ ಇಂಟರ್ನೆಟ್ಟಿನ ಐಪಿ ವಿಳಾಸ (ಆ ಸಂಪರ್ಕದ ಗುರುತು ಸಂಖ್ಯೆ) ಕೊಟ್ಟು "ಇದರಿಂದ ಬಂದದ್ದನ್ನು ಬಿಡು" ಎಂದು ಹೇಳಲು ದಾರಿ ಇದೆ. 'ಇಂಟರ್ನಲ್ ಟ್ರಾಫಿಕ್' ಎನ್ನುತ್ತಾರೆ. ಮಾಡಿದೆ. ವಾರವಾದರೂ ನನ್ನ ಓಡಾಟ ಲೆಕ್ಕಕ್ಕೆ ಬೀಳುತ್ತಲೇ ಇತ್ತು. ಆಮೇಲೆ ತಿಳಿಯಿತು, ಆ ಜರಡಿ ಮೊದಲಿಗೆ 'ಟೆಸ್ಟಿಂಗ್' ಸ್ಥಿತಿಯಲ್ಲಿ ಇರುತ್ತದೆ, ಡೇಟಾ ಫಿಲ್ಟರ್ಸ್ ಎಂಬಲ್ಲಿ ಹೋಗಿ 'ಆಕ್ಟಿವ್' ಮಾಡುವ ತನಕ ಏನನ್ನೂ ಹೊರಗಿಡುವುದಿಲ್ಲ. ಒಮ್ಮೆ ಆಕ್ಟಿವ್ ಮಾಡಿ ಹೊರಹೋದದ್ದು ಮತ್ತೆ ಸಿಗುವುದಿಲ್ಲ, ಅದಕ್ಕೇ ಆ ಜಾಗ್ರತೆ. ಅದನ್ನೂ ಮಾಡಿದೆ. ಆದರೆ ನಮ್ಮ ಓಣಿಯಲ್ಲಿ ಮಳೆ ಗಾಳಿಗೆ ಕರೆಂಟ್ ಹೋಗಿ ಬರುತ್ತದೆ, ಹೋಗಿ ಬಂದಾಗೆಲ್ಲ ರೌಟರ್ ಹೊಸದಾಗಿ ಶುರುವಾಗುತ್ತದೆ, ವಿಳಾಸ ಬದಲಾಗುತ್ತದೆ. ಮುಂಗಾರಿನಲ್ಲಿ ಆ ಜರಡಿ ನನಗೆ ಕೆಲಸಕ್ಕೆ ಬರಲಿಲ್ಲ. ಕಡೆಗೆ ಲ್ಯಾಪ್‌ಟಾಪಿನ ಬ್ರೌಸರಿಗೆ ಗೂಗಲ್ಲಿನದೇ ಆದ 'ಆಪ್ಟ್ ಔಟ್' ಎಂಬ ಸಣ್ಣ ಜೋಡಣೆ ಹಾಕಿಕೊಂಡೆ. ಅದು ಇರುವ ಬ್ರೌಸರನ್ನು ಅನಲಿಟಿಕ್ಸ್ ಎಣಿಸುವುದಿಲ್ಲ. ಫೋನಿನಲ್ಲಿ ಅದು ನಡೆಯುವುದಿಲ್ಲ, ಹಾಗಾಗಿ ಫೋನಿನಲ್ಲಿ ನನ್ನ ತಾಣ ನೋಡುವುದನ್ನೇ ಬಿಟ್ಟೆ. ಈ ವಯಸ್ಸಿನಲ್ಲಿ ಬಿಟ್ಟ ಚಟ ಅದೊಂದೇ.

ಜುಲೈ ತಿಂಗಳಿಡೀ ಹೀಗೆ ನನ್ನನ್ನು ಹೊರಗಿಟ್ಟು ಎಣಿಸಿದಾಗ ಬಂದವರ ಸಂಖ್ಯೆ 190.

ಆ ರಾತ್ರಿ ಯಾರ ಹತ್ತಿರವೂ ಮಾತಾಡಲಿಲ್ಲ. ಆರು ವರ್ಷ, 63 ಪುಟ, ಒಂದೊಂದು ಗ್ರಾಫಿಗೆ ಎರಡೆರಡು ದಿನ. ಸಂಸ್ಥೆಯವರಿಗೆ 2,400 ಎಂದು ಬರೆದುಕೊಟ್ಟಾಗಿದೆ. ಅರ್ಜಿಯನ್ನೇ ಹಿಂದೆ ತೆಗೆದುಕೊಂಡು ಬಿಡಲೇ ಎಂದೂ ಯೋಚಿಸಿದೆ. ತೊಂಬತ್ತರ ಹತ್ತಿರ ಬಂದಿರುವ ನಮ್ಮತ್ತಿ ಒಳಗಿನಿಂದ ಕೇಳಿದರು: "ಯಾಕವಾ, ಉಣ್ಣಲಿಲ್ಲಲಾ? ಯಾರ ಸತ್ರು?" 190 ಜನ ಎಂದೆ. "ಅಷ್ಟ ಮಂದಿಗೆ ನೀ ಕಲಿಸಿಯೇನು?" ಎಂದು ಅವರು ಕೇಳಿದ್ದಕ್ಕೆ ಸಮಾಧಾನವಾಯಿತು ಎಂದೇನಿಲ್ಲ, ಆದರೆ ಎದ್ದು ಎರಡು ರೊಟ್ಟಿ ತಿಂದೆ.

ಇದರ ನಡುವೆ ಇನ್ನೊಂದು ವಿಚಿತ್ರ. ಒಂದು ಸೋಮವಾರ ಮುಂಜಾನೆ ನಾನು ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರೆ ಬಂದವರು ಭಾನುವಾರದ ಲೆಕ್ಕಕ್ಕೆ ಬೀಳುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆಯೇ ನನ್ನ ಸೋಮವಾರ ಶುರು. ಪ್ರಾಪರ್ಟಿ ಮಾಡುವಾಗ ಟೈಮ್ ಝೋನ್ ನೋಡದೆ ಮುಂದೆ ಒತ್ತಿದ್ದೆ, ಅದು ಲಾಸ್ ಏಂಜಲೀಸಿನಲ್ಲಿ ಕೂತಿತ್ತು. ಭಾರತಕ್ಕೆ ಬದಲಿಸಿದರೆ ಅಲ್ಲಿಂದ ಮುಂದಿನದಷ್ಟೇ ಸರಿಯಾಗುತ್ತದೆ. ದುಡ್ಡಿನ ಗುರುತು ರೂಪಾಯಿ, ಸಮಯ ಭಾರತದ್ದು, ಈ ಎರಡನ್ನು ಮೊದಲ ಪರದೆಯಲ್ಲೇ ಸರಿಮಾಡಿ.

ಊರುಗಳ ಪಟ್ಟಿ ನಂಬಬೇಡಿ. ನನ್ನ ವರದಿಯಲ್ಲಿ ಬೆಂಗಳೂರೇ ಬೆಂಗಳೂರು. ಹುಬ್ಬಳ್ಳಿ ಅಲ್ಲೊಂದು ಇಲ್ಲೊಂದು, ಗದಗ ಇಲ್ಲವೇ ಇಲ್ಲ. ಅನುಮಾನ ಬಂದು ಗದಗ-ಬೆಟಗೇರಿಯ ಅಕ್ಕನಿಗೆ ಫೋನ್ ಮಾಡಿ, ಮೊಬೈಲಿನಲ್ಲಿ ತಾಣ ತೆಗೆದು ಐದು ನಿಮಿಷ ಹಾಗೇ ಇರು ಎಂದೆ. ರಿಯಲ್‌ಟೈಮಿನಲ್ಲಿ ಚುಕ್ಕೆ ಮೂಡಿತು. ಬೆಂಗಳೂರಿನ ಮೇಲೆ.

"ನಾ ಇಲ್ಲೆ ಮಗ್ಗದ ಮುಂದ ಕುಂತೀನಲ್ಲ, ಬೆಂಗಳೂರ ಯಾಕ ಅಂತೈತಿ ಅದು?" ಎಂದು ಅಕ್ಕ ಸಿಟ್ಟಾದಳು.

ಐಪಿ ವಿಳಾಸದಿಂದ ಊರನ್ನು ಅಂದಾಜು ಮಾಡುತ್ತಾರೆ. ಮೊಬೈಲ್ ಕಂಪನಿಗಳ ದಟ್ಟಣೆ ದೊಡ್ಡ ಊರಿನ ಮೂಲಕ ಹೊರಬೀಳುವುದರಿಂದ ಆ ಊರಿನ ಹೆಸರೇ ಬೀಳುತ್ತದೆ. ನಮ್ಮ ಕಡೆಯವರು ಯಾರೂ ನೋಡುವುದಿಲ್ಲ ಎಂದು ಎರಡು ವಾರ ಕೊರಗಿದ್ದು ದಂಡವಾಯಿತು.

ವಾಟ್ಸಾಪಿನದೂ ಇಂಥದೇ ತಂಟೆ. ನಮ್ಮ ಮಹಿಳಾ ಮಂಡಳದ ಗುಂಪಿನಿಂದ ಒತ್ತಿ ಬಂದವರೆಲ್ಲ 'ಡೈರೆಕ್ಟ್' ಎಂಬ ಖಾನೆಗೆ ಹೋಗಿ ಬೀಳುತ್ತಿದ್ದರು, ವಿಳಾಸವನ್ನು ತಾವೇ ಬರೆದು ಬಂದವರ ಜೊತೆಗೆ. ಲಿಂಕಿನ ಬಾಲಕ್ಕೆ ಯುಟಿಎಂ ಎಂಬ ಗುರುತು ಕಟ್ಟಿದರೆ ಬೇರೆಯಾಗಿ ಕಾಣುತ್ತದೆ. ಎಲ್ಲಿಂದ, ಯಾವ ಬಗೆಯಿಂದ, ಯಾವ ಸಂದರ್ಭಕ್ಕೆ ಎಂಬ ಮೂರು ಮಾತು ತುಂಬಿದರೆ ಲಿಂಕ್ ಮಾಡಿಕೊಡುವ ಪುಟವನ್ನು ಗೂಗಲ್ಲೇ ಇಟ್ಟಿದೆ. ಒಂದು ಎಚ್ಚರ: ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಅದು ಬೇರೆ ಬೇರೆ ಎಂದು ಎಣಿಸುತ್ತದೆ. ನನ್ನ ವರದಿಯಲ್ಲಿ ಮೂರು ಬಗೆಯ ವಾಟ್ಸಾಪ್ ಇವೆ. ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಬರೆಯಿರಿ.

ಇನ್ನು ಸರ್ಚ್ ಕನ್ಸೋಲ್. ನಿಜವಾದ ಕಾಗದಪತ್ರದ ಕಾಟ ಇಲ್ಲಿಯದು.

ಅನಲಿಟಿಕ್ಸ್ ನಮ್ಮ ಮನೆಯೊಳಗೆ ಬಂದವರನ್ನು ಎಣಿಸಿದರೆ, ಸರ್ಚ್ ಕನ್ಸೋಲ್ ಬೀದಿಯಲ್ಲಿ ನಮ್ಮ ಬೋರ್ಡು ನೋಡಿದವರನ್ನು ಎಣಿಸುತ್ತದೆ. ಗೂಗಲ್ಲಿನಲ್ಲಿ ಏನೆಂದು ಹುಡುಕಿದಾಗ ನಮ್ಮ ತಾಣ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟನೇ ಸಾಲಿನಲ್ಲಿ, ಎಷ್ಟು ಜನ ಒತ್ತಿದರು, ಎಲ್ಲ ಹೇಳುತ್ತದೆ. ಆದರೆ ತಾಣ ನಮ್ಮದೇ ಎಂದು ಮೊದಲು ಸಾಬೀತು ಮಾಡಬೇಕು. ಒಂದು ಸಾಲು ಕೋಡನ್ನು ತಾಣದ 'ಹೆಡ್' ಭಾಗದಲ್ಲಿ ಇಟ್ಟರೆ ಸಾಕು. ನಾನು ಅದನ್ನು ಒಂದು ಲೇಖನದೊಳಗೆ ಅಂಟಿಸಿ ಮೂರು ಸಲ ಫೇಲಾದೆ. ಜಾಗ ಸರಿಮಾಡಿದ ಮೇಲೆ ಹಸಿರು ಗುರುತು ಬಂತು, ಆದರೆ ಹತ್ತು ದಿನ ಕಾದರೂ ಎಲ್ಲ ಸೊನ್ನೆ. ನಾನು ಕೊಟ್ಟ ವಿಳಾಸ 'ಎಚ್‌ಟಿಟಿಪಿ' ಇತ್ತು, ತಾಣ ನಡೆಯುವುದು 'ಎಚ್‌ಟಿಟಿಪಿಎಸ್'ನಲ್ಲಿ. ಒಂದು 'ಎಸ್' ಇಲ್ಲದಿದ್ದರೆ ಅದಕ್ಕೆ ಬೇರೆ ಮನೆ.

ಹೀಗೆಲ್ಲ ತಪ್ಪಬಾರದೆಂದರೆ ಡೊಮೇನ್ (ತಾಣದ ಹೆಸರು) ಪೂರ್ತಿಯನ್ನು ಹಿಡಿಯುವ ಡೊಮೇನ್ ಪ್ರಾಪರ್ಟಿ ಮಾಡಬೇಕು, ಆಗ ಎಸ್ ಇರಲಿ ಬಿಡಲಿ, ಮುಂದೆ ಮೂರು ಡಬ್ಲ್ಯು ಇರಲಿ ಬಿಡಲಿ ಎಲ್ಲ ಒಂದೇ ಕಡೆ ಬರುತ್ತದೆ. ಅದಕ್ಕೆ ಡೊಮೇನ್ ಕೊಂಡ ಕಂಪನಿಯ ಖಾತೆಗೆ ಹೋಗಿ ತಾಣದ ಹೆಸರಿನ ದಾಖಲೆ ಇರುವ ಡಿಎನ್‌ಎಸ್ ಎಂಬಲ್ಲಿ ಒಂದು ಟಿಎಕ್ಸ್‌ಟಿ ಸಾಲು ಸೇರಿಸಬೇಕು. ಆರು ವರ್ಷದ ಹಿಂದೆ ಡೊಮೇನ್ ಕೊಂಡದ್ದು ಅಕ್ಕನ ಮಗ, ಅವನ ಕಾಲೇಜಿನ ಕಾಲದ ಫೋನ್ ನಂಬರ್ ಕೊಟ್ಟು. ಓಟಿಪಿ ಆ ನಂಬರಿಗೆ ಹೋಗುತ್ತದೆ. ಆ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ಬಂದ್ ಆಗಿದೆ.

ಕಂಪನಿಯವರು ಕೇಳಿದ್ದು ಇಷ್ಟು: ಕೊಂಡವನ ಆಧಾರ್ ಪ್ರತಿ, ಮೊದಲ ವರ್ಷದ ಬಿಲ್ಲು, ನಂಬರ್ ಬದಲಿಸಲು ಸಹಿ ಮಾಡಿದ ಪತ್ರ. ಬಿಲ್ಲು ಅವನ ಹಳೆಯ ಇಮೇಲಿನಲ್ಲಿ ಸಿಕ್ಕಿತು, ಪುಣ್ಯ. ಪತ್ರದ ಸಹಿ ಆಧಾರ್ ಜೊತೆ ಕೊಟ್ಟ ಪ್ಯಾನ್ ಕಾರ್ಡಿನ ಸಹಿಗೆ ಹೊಂದುವುದಿಲ್ಲ ಎಂದು ಒಮ್ಮೆ ವಾಪಸ್ ಕಳಿಸಿದರು. ಎಲ್ಲ ಮುಗಿಯಲು ಹತ್ತೊಂಬತ್ತು ದಿನ. ಬೇಕೇ ಬೇಕೆಂದೇನಿರಲಿಲ್ಲ, ಎಸ್ ಹಾಕಿ ಮತ್ತೊಮ್ಮೆ ಕೋಡ್ ಅಂಟಿಸಿದ್ದರೂ ನಡೆಯುತ್ತಿತ್ತು. ಆದರೆ ಸೆಪ್ಟೆಂಬರಿನಲ್ಲಿ ಡೊಮೇನ್ ನವೀಕರಿಸಬೇಕಿತ್ತು. ಅನಲಿಟಿಕ್ಸ್ ನೆಪ ಆಗದಿದ್ದರೆ ಆ ದಿನ ಬಂದಾಗ ತಾಣವೇ ಕೈಬಿಟ್ಟು ಹೋಗುತ್ತಿತ್ತೋ ಏನೋ. ನಿಮ್ಮ ತಾಣ ಯಾರ ಹೆಸರಿನಲ್ಲಿದೆ, ಓಟಿಪಿ ಯಾರಿಗೆ ಹೋಗುತ್ತದೆ, ಒಮ್ಮೆ ನೋಡಿಕೊಳ್ಳಿ.

ಆಗಸ್ಟ್ ಕೊನೆಗೆ, ಗಣೇಶ ಚೌತಿಯ ಗದ್ದಲದಲ್ಲಿ, ಸರ್ಚ್ ಕನ್ಸೋಲಿನಲ್ಲಿ ಅಂಕಿ ಕಾಣತೊಡಗಿತು. ಅಲ್ಲಿ ಪಕ್ಕಾ ಅಂಕಿ ಬರಲು ಎರಡು ಮೂರು ದಿನ ಹಿಡಿಯುತ್ತದೆ, ಇವತ್ತಿನದು ಇವತ್ತೇ ಪೂರ್ತಿ ಸಿಗುವುದಿಲ್ಲ. ಹುಡುಕಿದ ಪದಗಳ ಪಟ್ಟಿ ಓದುವಾಗ ಕದ್ದು ಮಾತು ಕೇಳಿಸಿಕೊಂಡ ಹಾಗೆ ಅನ್ನಿಸಿತು. ಕಸೂತಿ ಎಂಬ ಒಂದು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಆರು ಬಗೆಯಲ್ಲಿ ಬರೆದಿದ್ದರು. ಕನ್ನಡದಲ್ಲಿ 'ಕಸೂತಿ' ಎಂದು ಹುಡುಕಿದವರು ಬಂದಿಳಿಯುತ್ತಿದ್ದ ಪುಟವನ್ನು ಅನಲಿಟಿಕ್ಸಿನಲ್ಲಿ ನೋಡಿದರೆ, ಜನ ಆರೇಳು ಸೆಕೆಂಡಿಗೆ ಓಡಿಹೋಗುತ್ತಿದ್ದರು. ಯಾಕೆಂದು ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ನಮ್ಮ ಸೀಮೆ ದಾಟಿದರೆ ಆಚೆ ಕಡೆ ಎಲ್ಲ ಬಗೆಯ ಎಂಬ್ರಾಯ್ಡರಿಗೂ ಕಸೂತಿ ಎಂದೇ ಅನ್ನುತ್ತಾರೆ. ಗುಲಾಬಿ ಹೂವು ಬೇಕಾಗಿ ಬಂದವರಿಗೆ ನನ್ನ ಗೋಪುರ ಏನು ಮಾಡೀತು?

ಮನಸ್ಸಿಗೆ ಚುಚ್ಚಿದ್ದು ಇನ್ನೊಂದು. ಆನೆ ಅಂಬಾರಿಯ ಬಗ್ಗೆ ನಾನು ಒಂದು ತಿಂಗಳು ಕೂತು ಬರೆದ ಲೇಖನವಿದೆ. ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಅದು ಹೇಗೆ ಬರುತ್ತಿತ್ತು, ಸೊಂಡಿಲು ತಿರುಗಿಸುವಲ್ಲಿ ಎಷ್ಟು ಎಳೆ, ಎಲ್ಲ ಇದೆ. ಒತ್ತಿದವರು ಮೂರು ಜನ. ಬ್ಲೌಸಿನ ತೋಳಿಗೆ ಎರಡು ಬೆರಳಗಲದ ಅಂಚು, ಅರ್ಧ ತಾಸಿನಲ್ಲಿ ಗೀಚಿ ಹಾಕಿದ ಪುಟ, ಅದಕ್ಕೇ ಎಲ್ಲರೂ ಮುತ್ತಿದ್ದರು. ಮತ್ತೆ, ಸರ್ಚ್ ಕನ್ಸೋಲಿನ ಆ ವರದಿ ಮೊದಲಿಗೆ 'ವೆಬ್' ಹುಡುಕಾಟವನ್ನಷ್ಟೇ ತೋರಿಸುತ್ತದೆ. ಮೇಲೆ 'ಇಮೇಜ್' ಎಂದು ಬದಲಿಸಿದರೆ ಬೇರೆಯೇ ಲೋಕ. ನನ್ನಂಥ ಚಿತ್ರದ ಕೆಲಸದವರಿಗೆ ಜನ ಬರುವುದು ಆ ಬಾಗಿಲಿಂದ. ನನ್ನ ಫೋಟೋಗಳ ಹೆಸರು ಕ್ಯಾಮರಾ ಕೊಟ್ಟ ಅಂಕಿಗಳೇ ಆಗಿದ್ದವು, ವಿವರಣೆಯ ಜಾಗ ಖಾಲಿ. ಆರು ವಾರ ಕೂತು ಒಂದೊಂದಕ್ಕೂ ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ.

ಪುಟಗಳ ವಿಳಾಸದ ಗೋಳು ಕನ್ನಡದಲ್ಲಿ ಬರೆಯುವವರಿಗೆಲ್ಲ ಗೊತ್ತಿರಬೇಕು. ಶೀರ್ಷಿಕೆ ಪೂರಾ ಕನ್ನಡದಲ್ಲಿದ್ದರೆ ನನ್ನ ತಾಣ ಅದನ್ನು ವಿಳಾಸಕ್ಕೆ ಸೇರಿಸದೆ 'ಪೋಸ್ಟ್ 17', 'ಪೋಸ್ಟ್ 18' ಎಂದು ಹಾಕಿಬಿಟ್ಟಿತ್ತು. ವರದಿಯಲ್ಲಿ ಯಾವುದು ತೇರು, ಯಾವುದು ತೊಟ್ಟಿಲು ಎಂದು ತಿಳಿಯುತ್ತಿರಲಿಲ್ಲ. ಅನಲಿಟಿಕ್ಸಿನಲ್ಲಿ ವಿಳಾಸದ ಬದಲು 'ಪೇಜ್ ಟೈಟಲ್' ಎಂದು ಆರಿಸಿದರೆ ಕನ್ನಡ ಹೆಸರೇ ಬರುತ್ತದೆ. ಸರ್ಚ್ ಕನ್ಸೋಲಿನಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ 63 ಸಾಲಿನ ಪಟ್ಟಿ ಮಾಡಿಕೊಂಡೆ. ಹಳೆಯವುಗಳ ವಿಳಾಸ ಬದಲಿಸಲು ಹೋಗಲಿಲ್ಲ, ಈಗಾಗಲೇ ಹಂಚಿಹೋದ ಲಿಂಕುಗಳು ಮುರಿಯುತ್ತವೆ.

ಡೌನ್‌ಲೋಡ್ ಎಷ್ಟು ಎಂದು ನೋಡಲು ಹೋದರೆ ಸೊನ್ನೆ. ಪಿಡಿಎಫ್ ಒತ್ತಿದರೆ ಅನಲಿಟಿಕ್ಸ್ ತಾನೇ ಬರೆದುಕೊಳ್ಳುತ್ತದೆ ಎಂದು ಓದಿದ್ದೆ. ಆದರೆ ನನ್ನವು ಗೂಗಲ್ ಡ್ರೈವಿನಲ್ಲಿವೆ, ಆ ಲಿಂಕಿನ ಕೊನೆಗೆ ಪಿಡಿಎಫ್ ಎಂದು ಇರುವುದಿಲ್ಲ. ಅದು ಅವನ್ನು 'ಹೊರಗಿನ ಕ್ಲಿಕ್' ಎಂದು ಬೇರೆ ಗಂಟಿನಲ್ಲಿ ಕಟ್ಟಿಟ್ಟಿತ್ತು. ಬಿಡಿಸಿ ನೋಡಲು 'ಎಕ್ಸ್‌ಪ್ಲೋರ್' ಎಂಬ ಕಡೆ ಹೋಗಬೇಕು. ಅಲ್ಲಿ ಹೋದರೆ ಜೂನ್ ಮಾಯ! ಆ ವಿವರಗಳನ್ನು ಎರಡು ತಿಂಗಳಷ್ಟೇ ಇಟ್ಟುಕೊಳ್ಳುವಂತೆ ಮೊದಲಿಗೆ ಹೊಂದಿಸಿರುತ್ತಾರೆ. 'ಡೇಟಾ ರಿಟೆನ್ಷನ್' ಎಂಬಲ್ಲಿ ಅದನ್ನು 14 ತಿಂಗಳಿಗೆ ಬದಲಿಸಬಹುದು, ಒಂದು ಪೈಸೆ ಖರ್ಚಿಲ್ಲ. ಮೊದಲ ದಿನವೇ ಬದಲಿಸಿ. ಅಳಿಸಿಹೋದದ್ದು ಅಳಿಸಿಹೋಯಿತು.

ಅಕ್ಕನ ಮಗ ಮೈಕ್ರೋಸಾಫ್ಟಿನ ಕ್ಲಾರಿಟಿ ಎಂಬುದನ್ನೂ ಹಾಕಿಸಿದ. ಅದೂ ಪುಕ್ಕಟೆ. ಬಂದವರ ಬೆರಳು ಪರದೆಯ ಮೇಲೆ ಎಲ್ಲೆಲ್ಲಿ ಓಡಾಡಿತು ಎಂಬುದನ್ನು ಸಿನಿಮಾದ ಹಾಗೆ ತೋರಿಸುತ್ತದೆ. ಯಾರೆಂದು ಹೇಳುವುದಿಲ್ಲ, ಅವರು ಬರೆದದ್ದನ್ನು ಮುಚ್ಚಿಡುತ್ತದೆ. ಆದರೂ ನನಗೆ ಮುಜುಗರವಾಯಿತು. ಹೀಗೆ ಎಣಿಸುತ್ತಿದ್ದೇನೆ ಎಂದು ತಾಣದಲ್ಲಿ ಒಂದು ಗೋಪ್ಯತಾ ಪುಟ ಬರೆದು ಹಾಕಿದ ಮೇಲೆಯೇ ನೋಡಲು ಕುಳಿತೆ. ಅಂಥ ಪುಟ ಇರಬೇಕೆಂಬುದು ಅನಲಿಟಿಕ್ಸಿನ ನಿಯಮವೂ ಹೌದು.

ಎರಡನೇ ದಿನ ನೋಡಿದ ಒಂದು ತುಣುಕು ಈಗಲೂ ಕಣ್ಣ ಮುಂದಿದೆ. ಯಾರೋ ಫೋನಿನಲ್ಲಿ ತುಳಸಿ ಕಟ್ಟೆಯ ಗ್ರಾಫ್ ತೆರೆದಿದ್ದಾರೆ. ಕಟ್ಟೆಯ ಎಡ ಮೂಲೆಯ ಮೇಲೆ ಒತ್ತುತ್ತಾರೆ. ಮತ್ತೆ ಒತ್ತುತ್ತಾರೆ. ಹನ್ನೊಂದು ಸಲ. ಚಿತ್ರ ದೊಡ್ಡದಾಗುವುದಿಲ್ಲ. ಸ್ವಲ್ಪ ಕೆಳಗೆ ಸರಿದು ಮತ್ತೆ ಮೇಲೆ ಬಂದು ಅದೇ ಮೂಲೆ. ಮುರಗಿ ತಿರುವು ಎಲ್ಲಿ ಬರುತ್ತದೆ ಎಂದು ಚೌಕ ಎಣಿಸಲು ನೋಡುತ್ತಿದ್ದರು. ನನ್ನ ಚಿತ್ರ ಅಷ್ಟು ಸಣ್ಣದಿತ್ತು, ಎಣಿಸಲು ಸಾಧ್ಯವೇ ಇರಲಿಲ್ಲ. ಕ್ಲಾಸಿನಲ್ಲಿ ಹುಡುಗಿಯ ಹಿಂದೆ ನಿಂತು ಅವಳ ಸೂಜಿ ತಡಕಾಡುವುದನ್ನು ನೋಡಿದ ಹಾಗಾಯಿತು, ಬಾಯಿ ತೆರೆದು ಹೇಳುವ ಹಾಗಿಲ್ಲ. ಎರಡು ನಿಮಿಷಕ್ಕೆ ಹೊರಟುಹೋದರು. ಅಂಥ ಒತ್ತುವಿಕೆಗೆ ಅಲ್ಲಿ 'ರೇಜ್ ಕ್ಲಿಕ್', ಅಂದರೆ ಸಿಟ್ಟಿನ ಒತ್ತು, ಎನ್ನುತ್ತಾರೆ. ಅವರದು ಸಿಟ್ಟೇನೂ ಇರಲಿಲ್ಲ ಅನ್ನಿಸುತ್ತದೆ.

ಮರುದಿನದಿಂದ ಗ್ರಾಫುಗಳನ್ನೆಲ್ಲ ಹೊಸದಾಗಿ ಸ್ಕ್ಯಾನ್ ಮಾಡಿಸಿದೆ, ಹತ್ತು ಚೌಕಕ್ಕೊಮ್ಮೆ ಅಂಕಿ ಹಾಕಿ. ಸ್ಕ್ಯಾನ್ ಮಾಡಿಸಲು ಸಪ್ತಾಪುರದ ಝೆರಾಕ್ಸ್ ಅಂಗಡಿಗೆ ಹೋಗಿದ್ದಾಗ ಮುಂದೆ ನಿಂತ ಹುಡುಗಿಯೊಬ್ಬಳು ಫೋನಿನಿಂದ ಒಂದು ಪಿಡಿಎಫ್ ಪ್ರಿಂಟ್ ತೆಗೆಸುತ್ತಿದ್ದಳು. ನಾಲ್ಕು ಪ್ರತಿ. ನನ್ನ ಗೋಪುರ. ಕಳಸದ ಹತ್ತಿರ ನಾನೇ ಪೆನ್ಸಿಲಿನಿಂದ ತಿದ್ದಿದ ಗುರುತು ಸಮೇತ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ವಾಟ್ಸಾಪ್ ಗ್ರೂಪಿನ್ಯಾಗ ಬಂದಿತ್ರೀ ಆಂಟಿ," ಎಂದಳು. ಯಾರು ಮಾಡಿದ್ದು ಎಂದರೆ ಗೊತ್ತಿಲ್ಲ ಎಂದಳು. ಗೊತ್ತಾಗುವುದಾದರೂ ಹೇಗೆ, ಹಾಳೆಯ ಅಡಿಯಲ್ಲಿ ನಾನು ತಾಣದ ಹೆಸರನ್ನೇ ಬರೆದಿರಲಿಲ್ಲ. ಹೀಗೆ ಕೈಯಿಂದ ಕೈಗೆ ಹೋದ ಪಿಡಿಎಫ್ ಯಾವ ಎಣಿಕೆಗೂ ಸಿಗುವುದಿಲ್ಲ, ಅನಲಿಟಿಕ್ಸಿನ ಕೋಡ್ ತಾಣದ ಪುಟದಲ್ಲಿದೆಯೇ ಹೊರತು ಪಿಡಿಎಫಿನಲ್ಲಿಲ್ಲ. ಈಗ ಪ್ರತಿ ಗ್ರಾಫಿನ ಕೆಳಗೆ ವಿಳಾಸ ಇದೆ, ಯುಟಿಎಂ ಕಟ್ಟಿದ ಕ್ಯೂಆರ್ ಕೋಡ್ ಇದೆ. ದೀಪಾವಳಿ ತನಕ ಅದರಿಂದ ಬಂದವರು ಇಪ್ಪತ್ಮೂರು.

ಖರ್ಚು ಬರೆದಿಟ್ಟಿದ್ದೇನೆ. ಉಪಕರಣಗಳಿಗೆ ಸೊನ್ನೆ. ಡೊಮೇನ್ ನವೀಕರಣ, ಸ್ಕ್ಯಾನು, ಪ್ರಿಂಟು, ಅಕ್ಕನ ಮಗ ಒಂದು ಶನಿವಾರ ಬಂದಾಗ ಲೈನ್ ಬಜಾರಿನಿಂದ ತಂದ ಅರ್ಧ ಕಿಲೋ ಫೇಡೆ, ಎಲ್ಲ ಸೇರಿ 2,300 ರೂಪಾಯಿ ಚಿಲ್ಲರೆ.

ನವೆಂಬರ್ ಎರಡನೇ ವಾರ ಅರ್ಜಿಯನ್ನು ಮತ್ತೆ ತುಂಬಿದೆ. ಜುಲೈ 190, ಆಗಸ್ಟ್ 214, ಸೆಪ್ಟೆಂಬರ್ 305, ಅಕ್ಟೋಬರ್ 388. ಜೂನಿನದು ಎರಡೆರಡು ಬಾರಿ ಎಣಿಸಿದ್ದರಿಂದ ಬಿಟ್ಟೆ, ಬಿಟ್ಟದ್ದು ಯಾಕೆಂದೂ ಒಂದು ಸಾಲು ಬರೆದೆ. ಮೊದಲು ಬರೆದ 2,400 ತಪ್ಪು ಎಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಹಚ್ಚಿದೆ. ಲಕೋಟೆ ಅಂಟಿಸುವಾಗ ಕೈ ಸ್ವಲ್ಪ ಹಿಂಜರಿಯಿತು.

ನಾಲ್ಕನೇ ದಿನ ಅದೇ ಧ್ವನಿಯ ಫೋನು. "ಮೇಡಮ್, ಬ್ಯಾರೇ ಅರ್ಜಿಯೊಳಗ ಎಲ್ಲಾರೂ ಸಾವಿರದಾಗ ಬರದಾರ್ರೀ. ನಿಮ್ಮದು ಇಷ್ಟ ಏನ್ರಿ?"

"ಇಷ್ಟರೀ."

"ಮತ್ತ ಆ 2,400?"

"ಅದು ಮೀಟರಿಂದು ರೀ. ನನ್ನೂ ಎಣಸಿತ್ತು." ಪೂರ್ತಿ ಕಥೆ ಹೇಳಿದೆ. ಸರಿಸಂಖ್ಯೆಯದು, ಕರೆಂಟ್ ಹೋದದ್ದು, ಲಾಸ್ ಏಂಜಲೀಸಿನದು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕೀಬೋರ್ಡ್ ಒತ್ತುವುದು ಕೇಳಿಸಿತು.

"ನಮ್ಮ ಸಂಸ್ಥೆಯ ತಾಣದಾಗೂ ಕೆಳಗ ಅಂಥಾದ್ದ ಒಂದ ಮೀಟರ್ ಐತ್ರೀ," ಎಂದರು. "ವಾರ್ಷಿಕ ವರದಿಯೊಳಗ ಅದನ್ನ ಹಾಕೀವಿ."

ಸಹಾಯಧನದ ತೀರ್ಮಾನ ಇನ್ನೂ ಆಗಿಲ್ಲ. ಬರುವ ಬುಧವಾರ ಚಿಗರಿ ಬಸ್ಸು ಹತ್ತಿ ಅವರ ಆಫೀಸಿಗೆ ಹೋಗುತ್ತಿದ್ದೇನೆ, ಲ್ಯಾಪ್‌ಟಾಪ್ ತಗೊಂಡು. ಮೊದಲು ಟೈಮ್ ಝೋನ್ ನೋಡಬೇಕು.